ಅಮ್ಮ ‘ನೀವು’ ಅಂದ ದಿನ

"ಇದೇನ್ರೀ ಇದು? ಪ್ಯಾಂಟಿಗೆ ಒಂದೇ ಕಾಲಿದೆ?"

ಕೌಂಟರಿನ ಆಚೆ ನಿಂತವನು ಪ್ಯಾಂಟನ್ನು ಎತ್ತಿ ಹಿಡಿದಿದ್ದ. ಎಡಗಾಲು ಸರಿಯಾಗಿತ್ತು. ಬಲಗಾಲು ಪೂರ್ತಿ ಬೇರೆಯಾಗಿ, ಚೀಲದ ತಳದಲ್ಲಿ ಮಡಚಿಕೊಂಡು ಕೂತಿತ್ತು.

ಹೊಲಿಗೆ ಅಂಗಡಿಯವಳು ಅದನ್ನು ಕೈಗೆ ತೆಗೆದುಕೊಂಡಳು. ನಿನ್ನೆ ಸಂಜೆ ತಾನೇ ಹೊಲಿದು, ಇಸ್ತ್ರಿ ಹಾಕಿ ಇಟ್ಟ ಪ್ಯಾಂಟು.

ತಿರುಗಿ ನೋಡಿದಳು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಮ್ಮ. ಕೈಯಲ್ಲಿ ಚಿಕ್ಕ ಕತ್ತರಿ, ಮಡಿಲ ತುಂಬಾ ದಾರದ ಚೂರು.

ಮೂವತ್ತು ವರ್ಷ ಈ ಅಂಗಡಿ ನಡೆಸಿದವಳು ಅಮ್ಮ. ಮಗಳಿಗೆ ಹೊಲಿಗೆ ಕಲಿಸಿದ್ದೂ ಅವಳೇ. ಕಲಿಸಿದ್ದು ಅಂದರೆ... ಮಗಳು ಹೊಲಿಯುವುದು, ಅಮ್ಮ "ಸೊಟ್ಟ" ಅನ್ನುವುದು, ಪರಪರ ಬಿಚ್ಚಿ ಹಾಕುವುದು. ಒಂದೇ ಒಂದು ಸಲ "ಚೆನ್ನಾಗಿದೆ" ಅಂದವಳಲ್ಲ. ಬಡಕಲು ಮೈ, ಚೂಪು ಬಾಯಿ ಅಂತ ಮಗಳನ್ನು ‘ಸೂಜಿ’ ಅಂತ ಕರೆದವಳೂ ಅವಳೇ. ಮೂವತ್ತೆರಡು ತುಂಬಿದರೂ ಇಡೀ ಬೀದಿಗೆ ಅವಳು ಸೂಜಿಯೇ.

ಒಂದು ವರ್ಷದಿಂದ ಅಮ್ಮ ಗಿರಾಕಿಗಳ ಬಟ್ಟೆಯ ಹೊಲಿಗೆಯನ್ನೂ ಬಿಚ್ಚತೊಡಗಿದ್ದಳು. ಸೂಜಿ ಅದನ್ನು ಯಾರಿಗೂ ಹೇಳಿರಲಿಲ್ಲ. ತನಗೆ ತಾನೂ ಹೇಳಿಕೊಂಡಿರಲಿಲ್ಲ.

"ನನ್ನದೇ ತಪ್ಪು. ದಾರ ಹಳೇದು. ನಾಳೆ ಬನ್ನಿ."

ಅವನು ದಾರದ ಚೂರುಗಳನ್ನು ನೋಡಿದ. ಅಮ್ಮನ ಮುಖ ನೋಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ.

"ಅಮ್ಮನಿಗೆ ಎಷ್ಟು ದಿನದಿಂದ ಹೀಗೆ?"

"ಹೀಗೆ ಅಂದ್ರೆ ಹೇಗೆ? ನಮ್ಮಮ್ಮ ಗಟ್ಟಿಯಾಗಿದ್ದಾಳೆ. ನಿಮಗ್ಯಾಕೆ ಇಲ್ಲದ ಉಸಾಬರಿ?"

"ಉಸಾಬರೀನೇ ನನ್ನ ಕೆಲಸ." ಅವನು ಒಂದು ಕಾರ್ಡನ್ನು ಕೌಂಟರಿನ ಮೇಲಿಟ್ಟ. "ಮರೆವಿನ ಕಾಯಿಲೆ ಇರೋರ ಮನೆಯವರಿಗೆ ಅಂತ ಒಂದು ಸಹಾಯ ಕೇಂದ್ರ ಇದೆ. ನಾನು ಅಲ್ಲಿ ಫೋನ್ ಎತ್ತೋನು. ಬೇಕಾದ್ರೆ ಮಾತ್ರ ಮಾಡಿ."

"ಬೇಕಾಗಲ್ಲ."

"ಒಳ್ಳೇದೇ. ಆ ಕಾಲು ಮಾತ್ರ ಹೊಲಿದುಕೊಡಿ. ಒಂಟಿಕಾಲಲ್ಲಿ ಆಫೀಸಿಗೆ ಹೋದ್ರೆ ಒಳಗೆ ಬಿಡಲ್ಲ."

ಅವನು ಹೋದ ಮೇಲೆ ಅವಳು ಆ ಕಾರ್ಡನ್ನು ಗುಂಡಿಯ ಡಬ್ಬಿಗೆ ಎಸೆದಳು. ಎಸೆಯುವುದೇ ಆದರೆ ಕಸದ ಬುಟ್ಟಿ ಕಾಲ ಬುಡದಲ್ಲೇ ಇತ್ತಲ್ಲ ಅಂತ ನೀವು ಕೇಳಬಹುದು. ಅದನ್ನು ಅವಳನ್ನೇ ಕೇಳಬೇಕು.

ಮೂರು ವಾರ ಕಳೆಯಿತು.

ಒಂದು ಮಧ್ಯಾಹ್ನ ಸೂಜಿ ಊಟದ ತಟ್ಟೆ ಹಿಡಿದು ಅಮ್ಮನ ಎದುರು ನಿಂತಳು. ಅಮ್ಮ ಗಡಬಡಿಸಿ ಎದ್ದು, ಬಟ್ಟೆ ಸರಿಮಾಡಿಕೊಂಡಳು.

"ಬನ್ನಿ, ಕೂತ್ಕೊಳ್ಳಿ. ನೀವು ಯಾರು ಅಂತ ಗೊತ್ತಾಗ್ಲಿಲ್ಲ."

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. "ಬಾರೆ, ಹೋಗೆ, ನಿನ್ನ ತಲೆ" ಅಂತ ಕೇಳಿಸಿಕೊಂಡೇ ಬೆಳೆದ ಹುಡುಗಿ ಅದು. ಆದರೆ ಹೆತ್ತ ತಾಯಿ ‘ನೀವು’ ಅಂದರೆ? ಮರ್ಯಾದೆ ಕೊಟ್ಟೇ ಅಮ್ಮ ಅವಳನ್ನು ಹೊರಗೆ ನಿಲ್ಲಿಸಿಬಿಟ್ಟಿದ್ದಳು.

ಗುಂಡಿಯ ಡಬ್ಬಿಯನ್ನು ನೆಲದ ಮೇಲೆ ಸುರಿದು ಕಾರ್ಡು ಹುಡುಕಿದಳು. ಫೋನು ಹತ್ತಿತು. ಅವಳಿಂದ ಬಂದಿದ್ದು ಬರೀ ಅಳು. ಆ ಕಡೆಯವನು ಫೋನಿಡದೆ ಕಾದ.

"ನಮ್ಮಮ್ಮ ನನ್ನನ್ನ... ನೀವು ಅಂದ್ಬಿಟ್ಲು."

ಅಷ್ಟಕ್ಕೇ ಅಳ್ತೀರಾ ಅಂತ ಅವನು ಕೇಳಲಿಲ್ಲ. "ಹೂಂ," ಅಂದ. "ಅದು ತುಂಬಾ ನೋಯುತ್ತೆ."

ಆಮೇಲೆ ಒಂದೊಂದೇ ಬಿಡಿಸಿ ಹೇಳಿದ. ಎಲ್ಲಾ ಮರೆವೂ ಒಂದೇ ಅಲ್ಲ, ಬೇರೆ ಕಾರಣವೂ ಇರಬಹುದು, ಮೊದಲು ಡಾಕ್ಟರಿಗೆ ತೋರಿಸಿ. ಪರೀಕ್ಷೆ ಮಾಡುವ ಹಾಗೆ ಪ್ರಶ್ನೆ ಕೇಳಬೇಡಿ. ಶನಿವಾರ ಇಂಥ ರೋಗಿಗಳ ಮನೆಯವರೆಲ್ಲ ಕೇಂದ್ರದಲ್ಲಿ ಸೇರುತ್ತಾರೆ, ನೀವೂ ಬನ್ನಿ.

"ಊಟ ಆಯ್ತಾ?"

"ಅಮ್ಮಂದು ಈಗ ಆಗುತ್ತೆ."

"ಅಮ್ಮಂದಲ್ಲ. ನೀವು ಊಟ ಮಾಡಿದ್ರಾ?"

ಒಂದು ವರ್ಷದಿಂದ ಅವಳನ್ನು ಯಾರೂ ಕೇಳದ ಪ್ರಶ್ನೆ ಅದು. ಆಗ ಅವಳಿಗೆ ದನಿಯ ಗುರುತು ಸಿಕ್ಕಿತು.

"ನೀವು... ಆ ಒಂಟಿಕಾಲು ಪ್ಯಾಂಟಿನವರಾ?"

ಆ ಕಡೆ ಅವನು ನಕ್ಕ. ಅವತ್ತಿನಿಂದ ಅವನಿಗೆ ‘ಒಂಟಿಕಾಲು’ ಅಂತಲೇ ಹೆಸರು.

ಡಾಕ್ಟರು ಅಲ್ಝೈಮರ್ ಅಂದರು. ಪೂರ್ತಿ ಗುಣವಾಗುವುದಿಲ್ಲ ಅಂತಲೂ ಹೇಳಿದರು. ಶನಿವಾರದ ಸಭೆಯಲ್ಲಿ ಹನ್ನೆರಡು ಕುರ್ಚಿಗಳಿದ್ದವು. ಹೆಂಡತಿ ದಿನಾ ಬೀಗದ ಕೈಯನ್ನು ಹಿಟ್ಟಿನ ಡಬ್ಬದಲ್ಲಿ ಬಚ್ಚಿಡುತ್ತಾಳೆ ಅಂತ ಒಬ್ಬ ನಿವೃತ್ತ ಡ್ರೈವರ್ ಹೇಳಿದರು. "ಈಗ ನಾನು ಬೀಗದ ಕೈ ಹುಡುಕೋದೇ ಇಲ್ಲ ಕಣಮ್ಮ. ಸೀದಾ ಹಿಟ್ಟಿಗೆ ಕೈ ಹಾಕ್ತೀನಿ." ಸೂಜಿ ನಕ್ಕಳು, ನಗುತ್ತಾ ನಗುತ್ತಾ ಅತ್ತಳು. ಅಲ್ಲಿ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ಒಂಟಿಕಾಲು ಅಂಗಡಿಗೆ ಬರತೊಡಗಿದ. ಕೈಯಲ್ಲಿ ಹಳೇ ಪರದೆ, ಹಳೇ ದಿಂಬಿನ ಚೀಲ.

"ಬಿಚ್ಚೋಕೆ ಅಂತಾನೇ ತಂದಿದ್ದೀನಿ ಅಮ್ಮ. ನನ್ನ ಪ್ಯಾಂಟಿಗೆ ಮಾತ್ರ ಕೈ ಹಾಕ್ಬೇಡಿ."

ಅಮ್ಮ ಖುಷಿಯಾಗಿ ಬಿಚ್ಚುತ್ತಿದ್ದಳು. ಅವನು ಪಕ್ಕದಲ್ಲಿ ಕೂತು ದಾರ ಸುತ್ತುತ್ತಿದ್ದ. ಮಿಷನ್ ತುಳಿಯುತ್ತಾ ಸೂಜಿ ಕದ್ದು ನೋಡುತ್ತಿದ್ದಳು. ‘ಈ ಮನುಷ್ಯ ನಾಳೆಯೂ ಬರಲಿ,’ ಅಂತ ಮನಸ್ಸು ಹೇಳುತ್ತಿತ್ತು. ‘ನಿನಗೆ ಈಗ ಇದೊಂದು ಕೇಡು,’ ಅಂತ ಅವಳೇ ಅದರ ಬಾಯಿ ಮುಚ್ಚಿಸುತ್ತಿದ್ದಳು.

ಹೀಗಿರುವಾಗ ಒಂದು ದಿನ ಅವಳು ದಾರ ತರಲು ಹೋಗಿದ್ದಳು. ವಾಪಸು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಅಮ್ಮನ ಮಾತು ಕೇಳಿಸಿತು.

"ಇಲ್ಲಿ ಹೊಲೀತಾ ಇರ್ತಾಳಲ್ಲ... ಆ ಹೆಂಗಸು ಯಾರಪ್ಪಾ?"

‘ಮಗಳು ಅನ್ನು,’ ಅಂತ ಅವಳ ಜೀವ ಬಡಿದುಕೊಂಡಿತು. ‘ನಿಮ್ಮ ಮಗಳು ಅನ್ನು.’

"ಅವರು ಟೈಲರ್ ಅಮ್ಮ," ಅಂದ ಅವನು. "ಒಳ್ಳೆಯವರು. ನೀವು ಹೆದರ್ಬೇಡಿ."

ದಾರದ ಉಂಡೆಗಳು ನೆಲಕ್ಕೆ ಬಿದ್ದು ಉರುಳಿದವು.

"ಟೈಲರ್? ನಾನು ಟೈಲರಾ?" ಸೂಜಿ ಒಳಗೆ ನುಗ್ಗಿದಳು. "ಅವಳ ತಲೇಲಿ ನಂದು ಅಂತ ಒಂದು ಎಳೆ ಉಳಿದಿತ್ತೇನೋ. ಅದನ್ನೂ ನೀವೇ ಕಿತ್ತುಬಿಟ್ರಲ್ಲ."

"ಅವರು ಹೆದರಿದ್ರು. ನಿಜ ಹೇಳಿದ್ರೆ ಇನ್ನೂ..."

"ನಿಮ್ಮ ಪುಸ್ತಕದ ಪಾಠ ನನಗೆ ಬೇಡ. ಹೋಗಿ. ಇನ್ಮೇಲೆ ಬರಲೂ ಬೇಡಿ, ಫೋನೂ ಬೇಡ."

ಅವನು ದಾರದ ಉಂಡೆಗಳನ್ನು ಹೆಕ್ಕಿ ಕೌಂಟರಿನ ಮೇಲಿಟ್ಟು ಹೊರಟುಹೋದ.

ಆಮೇಲಿನ ಎರಡು ತಿಂಗಳು ಅವಳು ಹಟಕ್ಕೆ ಬಿದ್ದಳು. ದಿನಾ ಬೆಳಿಗ್ಗೆ ಫೋಟೋ ಹಿಡಿದು ಅಮ್ಮನ ಎದುರು ಕೂರುವುದು. "ಇದು ನೀನು. ಇದು ನಾನು. ಹೇಳು, ನಾನ್ಯಾರು?" ಅಮ್ಮ ಪಿಳಿಪಿಳಿ ನೋಡುವುದು, ತಪ್ಪು ಹೇಳುವುದು, ಅಳುವುದು. ಶನಿವಾರದ ಸಭೆಗೂ ಸೂಜಿ ಹೋಗಲಿಲ್ಲ. ಊಟ ಸೇರುತ್ತಿರಲಿಲ್ಲ. ಅವನ ಮೇಲಿನ ಸಿಟ್ಟು ಕರಗಿ ಬರೀ ಸಂಕಟ ಉಳಿದಿತ್ತು. ಆದರೂ ಫೋನು ಮಾಡಲು ಬಿಗುಮಾನ.

ಒಂದು ಸಂಜೆ, ಶಾಲೆ ಬಿಡುವ ಹೊತ್ತಿಗೆ, ಅಮ್ಮ ಸರಸರ ರಸ್ತೆಗಿಳಿದಳು.

"ಎಲ್ಲಿಗೆ ಹೋಗ್ತಿದ್ದೀಯಾ?" ಸೂಜಿ ಓಡಿಬಂದು ಕೈ ಹಿಡಿದಳು.

"ಮಗಳನ್ನ ಕರ್ಕೊಂಡು ಬರ್ಬೇಕು. ಐದನೇ ಕ್ಲಾಸು. ಕಾಯ್ತಿರ್ತಾಳೆ."

"ಅಮ್ಮಾ, ನಾನೇ ನಿನ್ನ ಮಗಳು."

"ಯಾಕ್ರೀ ಸುಳ್ಳು ಹೇಳ್ತೀರಿ? ಬಿಡಿ ಕೈ. ಯಾರಾದ್ರೂ ಬನ್ನಿ, ಇವರು ನನ್ನನ್ನ ಎಳ್ಕೊಂಡು ಹೋಗ್ತಿದ್ದಾರೆ..."

ಜನ ನಿಂತು ನೋಡಿದರು. ಅಮ್ಮನ ಕಣ್ಣಲ್ಲಿ ಭಯ ಇತ್ತು. ತನ್ನ ಅಮ್ಮನಿಗೆ ತನ್ನನ್ನು ಕಂಡರೆ ಭಯ. ಸೂಜಿಯ ಹಟವೆಲ್ಲ ಆ ಕ್ಷಣಕ್ಕೆ ಕುಸಿದುಹೋಯಿತು. ಇನ್ನೊಂದು ಕೈಯಲ್ಲಿ ಫೋನು ಒತ್ತಿದಳು.

"ನಾನು ಸೂಜಿ. ಅಮ್ಮ ನಮ್ಮ ಬೀದಿ ಕೊನೇ ಸ್ಕೂಲಿಗೆ ಹೊರಟಿದ್ದಾಳೆ... ನನ್ನನ್ನ ಹುಡುಕೋಕೆ."

"ಕೈ ಬಿಡಿ," ಅಂದ ಅವನು. "ಪಕ್ಕದಲ್ಲೇ ನಡೀರಿ. ಅವರು ಯಾರನ್ನ ಹುಡುಕ್ತಿದ್ದಾರೋ ಅವರನ್ನೇ ನೀವೂ ಹುಡುಕಿ. ನಾನು ಬಂದೆ."

ಅವಳು ಕೈ ಬಿಟ್ಟಳು.

"ನನಗೂ ಆ ಕಡೆಗೇ ಹೋಗ್ಬೇಕು. ಜೊತೆಗೆ ಬರಲಾ?"

"ಬನ್ನಿ," ಅಂದಳು ಅಮ್ಮ. ಅಷ್ಟೇ ಸಾಕಾಗಿತ್ತು.

ಶಾಲೆಯ ಗೇಟಿನಲ್ಲಿ ಮಕ್ಕಳು ಗಿಜಿಗುಡುತ್ತಿದ್ದರು. ಅಮ್ಮ ಕತ್ತು ಚಾಚಿ ಒಂದೊಂದು ಮುಖವನ್ನೂ ನೋಡುತ್ತಿದ್ದಳು. ಸೂಜಿ ಎದೆ ಗಟ್ಟಿ ಮಾಡಿಕೊಂಡು ಕೇಳಿದಳು.

"ಹೇಗಿರ್ತಾಳೆ ನಿಮ್ಮ ಮಗಳು?"

"ಕಡ್ಡಿ ಹಾಗಿದ್ದಾಳೆ. ಬಾಯಿ ಮಾತ್ರ... ಅಬ್ಬಬ್ಬಾ. ಸೂಜಿ ಅಂತೀನಿ." ಅಮ್ಮನ ಮುಖ ಅರಳಿತು. "ಹೊಲಿಗೆ ಕಲೀತಿದ್ದಾಳೆ."

"ಚೆನ್ನಾಗಿ ಹೊಲೀತಾಳಾ?"

ಅಮ್ಮ ಅತ್ತಿತ್ತ ನೋಡಿ, ಕಿವಿಯ ಹತ್ತಿರ ಬಂದಳು.

"ಅವಳಿಗೆ ಹೇಳ್ಬೇಡಿ. ನನಗಿಂತ ಚೆನ್ನಾಗಿ ಹೊಲೀತಾಳೆ."

ಸೂಜಿ ಅಮ್ಮನ ಕಡೆ ತಿರುಗಿದಳು.

"ಮತ್ತೆ... ಅವಳಿಗೆ ಹೇಳಬಾರದಾ?"

"ಹೊಗಳಿದ್ರೆ ಅಲ್ಲಿಗೇ ನಿಂತುಬಿಡ್ತಾಳೇನೋ ಅಂತ ಭಯ. ಅವರಪ್ಪ ಇಲ್ಲ. ನಾಳೆ ನಾನೂ ಇಲ್ಲದಿದ್ರೆ ಅವಳ ಕೈಲಿ ಇರೋದು ಆ ಕೆಲಸ ಒಂದೇ. ಅದಕ್ಕೇ ಬಿಚ್ಚಿ ಹಾಕ್ತೀನಿ. ಪಾಪ, ಅಳ್ತಾಳೆ. ದೊಡ್ಡೋಳಾದ್ಮೇಲೆ ಹೇಳ್ತೀನಿ ಅವಳಿಗೆ."

ಇಷ್ಟು ವರ್ಷ ಕಾದ ಮಾತು ಕೊನೆಗೂ ಬಂದಿತ್ತು. ಆದರೆ ಹೇಳಿದ್ದು ಮಗಳಿಗಲ್ಲ, ದಾರಿಯಲ್ಲಿ ಸಿಕ್ಕ ಯಾರೋ ಹೆಂಗಸಿಗೆ.

ಮಕ್ಕಳೆಲ್ಲ ಹೋದರು. ಕಾವಲುಗಾರ ಗೇಟು ಎಳೆದ. ಅಮ್ಮ ಗೇಟಿನ ಕಂಬಿ ಹಿಡಿದು ಒಳಗೆ ಇಣುಕಿದಳು.

"ಬರಲೇ ಇಲ್ಲ... ಎಲ್ಲಿ ಹೋದ್ಲು ನನ್ನ ಮಗು?"

‘ಇಲ್ಲೇ ಇದ್ದೀನಿ ಅಮ್ಮಾ,’ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸೂಜಿ ಅದನ್ನು ನುಂಗಿದಳು. ಅವಳ ಇಡೀ ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದಿರಲಿಲ್ಲ.

"ಹೆದರ್ಬೇಡಿ ಅಮ್ಮ," ಅಂದಳು. "ನಾನು ಟೈಲರ್. ನಿಮ್ಮ ಮಗಳು ನನ್ನ ಹತ್ರಾನೇ ಹೊಲಿಗೆ ಕಲೀತಿರೋದು. ಕ್ಷೇಮವಾಗಿದ್ದಾಳೆ."

ಅಮ್ಮ ಅವಳ ಮುಖವನ್ನೇ ನೋಡಿದಳು. ಹಣೆಯ ಗಂಟು ಸಡಿಲವಾಯಿತು.

"ಹೌದಾ? ಸದ್ಯ. ನೀವು ತುಂಬಾ ಒಳ್ಳೆಯವರು," ಅಂತ ಅಮ್ಮ ತಾನಾಗಿಯೇ ಅವಳ ಕೈ ಹಿಡಿದಳು.

ತಿರುಗಿದಾಗ ಎರಡು ಹೆಜ್ಜೆ ಆಚೆ ಒಂಟಿಕಾಲು ಏದುಸಿರು ಬಿಡುತ್ತಾ ನಿಂತಿದ್ದ. ಅವಳು ಆಡಿದ್ದು ಅವನಿಗೆ ಕೇಳಿಸಿತ್ತು. ಅವನ ಕಣ್ಣು ಒದ್ದೆಯಾಗಿತ್ತು.

ಅಂಗಡಿಗೆ ಬಂದ ಮೇಲೆ ಅಮ್ಮ ಕಿಟಕಿಯ ಪಕ್ಕ ಕೂತು ಪರದೆ ಬಿಚ್ಚತೊಡಗಿದಳು. ಅವರಿಬ್ಬರೂ ಬಾಗಿಲ ಮೆಟ್ಟಿಲ ಮೇಲೆ ಕೂತರು.

"ನಮ್ಮಪ್ಪನಿಗೂ ಇದೇ ಇತ್ತು," ಅಂದ ಅವನು. "ದಿನಾ ನಮ್ಮಮ್ಮ ಎಲ್ಲಿ ಅಂತ ಕೇಳೋರು. ನಾನು ದಿನಾ ನಿಜ ಹೇಳ್ತಿದ್ದೆ, ಅಮ್ಮ ತೀರ್ಕೊಂಡ್ಲು ಅಂತ. ಅವರು ದಿನಾ ಹೊಸದಾಗಿ ಅಳೋರು. ಒಂದೂವರೆ ವರ್ಷ. ಹಾಗೆ ಹೇಳ್ಬೇಡ ಅಂತ ಯಾರೂ ನನಗೆ ಹೇಳ್ಲಿಲ್ಲ. ಅದಕ್ಕೇ ಈಗ ಫೋನ್ ಎತ್ತೋ ಕೆಲಸ."

ಅವನು ಅವಳ ಕಡೆ ತಿರುಗಿದ.

"ಆದ್ರೂ ಅವತ್ತು ನಿಮ್ಮನ್ನ ಒಂದು ಮಾತು ಕೇಳದೆ ನಾನು ಹಾಗೆ ಹೇಳಬಾರದಿತ್ತು. ಅದು ನನ್ನ ತಪ್ಪು."

"ನಾನೂ ನಿಮ್ಮ ಮಾತನ್ನ ಪೂರ್ತಿ ಕೇಳ್ಲಿಲ್ಲ."

"ಎರಡು ತಿಂಗಳು... ಪ್ರತಿ ಸಲ ಫೋನು ಬಂದಾಗ ನಿಮ್ಮದೇ ಇರಲಿ ಅಂದ್ಕೊಳ್ತಿದ್ದೆ. ಇಷ್ಟ ಅಂತ ಹೇಳೋಕೆ ಇದು ಹೊತ್ತಲ್ಲ, ಗೊತ್ತು. ಆದ್ರೆ ಇಷ್ಟ."

ಅವಳು ಬೆರಳಿಗೆ ದಾರ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು. ಒಳಗೆ ಕತ್ತರಿಯ ಕಿರುಸದ್ದು.

"ನನಗೂ," ಅಂದಳು ಕೊನೆಗೆ. "ಆದ್ರೆ ನಂದೊಂದು ಬೇಡಿಕೆ ಇದೆ."

"ಹೇಳಿ."

"ನನ್ನನ್ನ ‘ನೀನು’ ಅನ್ನೋರು ಇನ್ನು ಯಾರೂ ಉಳಿದಿಲ್ಲ."

ಅವನು ಅವಳ ಬೆರಳಿನಿಂದ ದಾರವನ್ನು ನಿಧಾನವಾಗಿ ಬಿಡಿಸಿದ.

"ಸೂಜೀ..."

"ಹೂಂ?"

"ನೀನು ಊಟ ಮಾಡಿದ್ಯಾ?"

ಅವಳು ಇಲ್ಲ ಅಂತ ತಲೆಯಾಡಿಸಿ, ಅವನ ಹೆಗಲಿಗೆ ಒರಗಿ, ಬಿಕ್ಕಿ ಬಿಕ್ಕಿ ಅತ್ತಳು.