ಗುರುಮಲ್ಲಪ್ಪನ ದೋಣಿಯ ಸದ್ದು

೧೯೫೮ನೇ ಇಸವಿ ನವೆಂಬರ್ ೧೪, ಶುಕ್ರವಾರ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಶಿಕಾರಿಪುರ ಠಾಣೆಗೆ ಬಂದ ಗುರುಮಲ್ಲಪ್ಪ, ಯಾರೂ ಹೇಳುವ ಮೊದಲೇ ಕುರ್ಚಿ ಎಳೆದುಕೊಂಡು ಕೂತ. ಸಬ್‌ಇನ್ಸ್‌ಪೆಕ್ಟರ್ ಧರ್ಮಪ್ಪನಿಗೆ ಆ ಮನುಷ್ಯನ ಮೇಲೆ ತಾತ್ಸಾರ ಹುಟ್ಟಲು ಅಷ್ಟೇ ಸಾಕಾಯಿತು.

ಹಿಂದಿನ ಸಂಜೆ ಐದಕ್ಕೆ ಅಂಜನಾಪುರದ ಕೆರೆ ದಾಟುತ್ತಿದ್ದ ಗುರುಮಲ್ಲಪ್ಪನ ಮೋಟಾರ್ ದೋಣಿಗೆ ತಳದಿಂದ ನೀರು ನುಗ್ಗಿತ್ತು. ಜನ ಗಾಬರಿಬಿದ್ದು ಒಂದೇ ಕಡೆ ಸರಿದಾಗ ದೋಣಿ ವಾಲಿ, ಮಾಸ್ತಮ್ಮ ಎಂಬ ಹೆಂಗಸು ನೀರಿಗೆ ಬಿದ್ದು ಸತ್ತಿದ್ದಳು. ಉಳಿದವರು ಹುಟ್ಟು ಹಾಕಿ ದಡ ಸೇರಿದ್ದರು.

"ಡ್ರೈವರ್ ಜಯಪ್ಪಂದೇ ತಪ್ಪು. ಕುಡಿದಿದ್ದ, ಬರ್ಕೊಳ್ರಿ."

"ನೀವು ನೋಡಿದ್ರಾ?"

"ಅಂಥೋರು ಕುಡೀದೆ ಇರ್ತಾರೇನ್ರೀ?"

ಧರ್ಮಪ್ಪ ಎಫ್‌ಐಆರ್ ದಾಖಲಿಸಿ, ದಫೇದಾರ್ ಮಾರಪ್ಪನನ್ನು ಕರೆದುಕೊಂಡು ಕೆರೆಗೆ ಹೋದ. ದೋಣಿ ಯುದ್ಧ ಕಾಲದ ಮಾಲು. ಹೊರಗೆ ಹೊಸ ಹಸಿರು ಬಣ್ಣ, ಒಳಗೆಲ್ಲ ತುಕ್ಕು. ಮೂತಿಯ ಮೇಲೆ ಮಾಲೀಕನ ಹೆಸರು ಮೊಳದುದ್ದ ಅಕ್ಷರಗಳಲ್ಲಿತ್ತು. ಜಯಪ್ಪ ಓಡಿಹೋಗದೆ ದಡದಲ್ಲೇ ಕೂತಿದ್ದ. ಅವನು ಕುಡಿದಿರಲಿಲ್ಲವೆಂದು ಪ್ರಯಾಣಿಕರೆಲ್ಲರೂ ಹೇಳಿದರು. ಅವರಲ್ಲಿ ದಿನಾ ಓಡಾಡುವ ಒಬ್ಬಾಕೆ, ನಿಂಗಮ್ಮ, ಇನ್ನೊಂದು ಮಾತು ಸೇರಿಸಿದಳು.

"ದಸರೆಯಿಂದ ಸಣ್ಣ ಸದ್ದು ಇದ್ದೇ ಇತ್ರಿ. ನಿನ್ನೆ ಬೆಳಿಗ್ಗೆಯಿಂದ ಬಂದ ಸದ್ದೇ ಬೇರೆ. ಹಲ್ಲು ಅದುರ್ತಿದ್ವು."

ಶನಿವಾರ ಹನ್ನೊಂದು ಗಂಟೆಗೆ, ದೋಣಿ ಪರೀಕ್ಷಿಸಲು ಮಾರಪ್ಪ ಕರೆಸಿದ್ದ ಹೂವಪ್ಪ ಸೊರಬದಿಂದ ಬಂದ. ಅಕ್ಕಿ ಗಿರಣಿಗಳ ಎಂಜಿನ್ ರಿಪೇರಿಯವನು, ಕಿವಿಯ ಮೇಲೆ ಅರ್ಧ ಬೀಡಿ. ಇವನಿಗೆ ದೋಣಿಯೇನು ಗೊತ್ತು ಎಂದು ಧರ್ಮಪ್ಪ ಮುಖ ಸಿಂಡರಿಸಿದ.

ಹೂವಪ್ಪ ನೀರು ಬರುವ ಕಡೆ ಗೋಣಿನಾರು ತುರುಕಿ, ದೋಣಿಯನ್ನು ಹಗ್ಗದಿಂದ ಮರಕ್ಕೆ ಬಿಗಿಸಿ ಎಂಜಿನ್ ಶುರು ಮಾಡಿದ. ಸದ್ದು ಸಮನಾಗಿತ್ತು. ಗೇರು ಹಾಕಿದ ಕೂಡಲೇ ಹಲಗೆಗಳೆಲ್ಲ ಗಡಗಡ ನಡುಗಿದವು.

"ಎಂಜಿನ್ನಿಗೆ ಕಾಯಿಲೆ ಇಲ್ಲ ಮಾರಾಯ್ರೆ. ಫ್ಯಾನಿನ ಶಾಫ್ಟು ತಿರುಗಿದ್ರೆ ಮಾತ್ರ ಸದ್ದು ಬತ್ತದೆ."

ಒಂದು ಬಿದಿರು ಕೋಲಿನ ತುದಿಯನ್ನು ಗೇರುಪೆಟ್ಟಿಗೆಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಗಿಟ್ಟುಕೊಂಡ. ಇಲ್ಲಲ್ಲವೆಂದು ತಲೆಯಾಡಿಸಿದ. ಎಂಜಿನ್ನಿಗೂ ಶಾಫ್ಟಿಗೂ ಜೋಡಣೆಯಾಗುವ ಕಡೆ ಕೋಲು ಇಟ್ಟವನೇ ಎಂಜಿನ್ ನಿಲ್ಲಿಸಿ ಬೋಲ್ಟು ಬಿಚ್ಚಿದ. ಜೋಡಣೆಯ ಎರಡು ಬಿಲ್ಲೆಗಳು ಮೇಲೆ ಒಂದಕ್ಕೊಂದು ತಾಗಿದ್ದವು, ಕೆಳಗೆ ಉಗುರು ತೂರುವಷ್ಟು ಸಂದು.

"ಎಂಜಿನ್ ಓರೆಯಾಗಿ ಕೂತದೆ." ಎಂಜಿನ್ನಿನ ಹಿಂದಿನ ಕಾಲಿನ ಕೆಳಗೆ ಬೆರಳಾಡಿಸಿದ. "ಇಲ್ಲಿ ಮಟ್ಟಕ್ಕೆ ಅಂತ ಒಂದು ತಗಡು ಇತ್ತು. ಯಾರೋ ತೆಗೆದಾರೆ. ನಟ್ಟಿನ ಮೇಲೆ ಸ್ಪ್ಯಾನರಿನ ಗೀರು ಇನ್ನೂ ಹೊಳೀತದೆ. ಶಾಫ್ಟು ಕುಣಿದು, ತಳದಲ್ಲಿ ನೀರು ತಡೆಯೋ ಹುರಿ ಕಿತ್ತುಹೋಗ್ಯದೆ."

"ದಸರೆಯ ಸದ್ದು?"

ಹೂವಪ್ಪ ನೀರಿಗಿಳಿದು, ದೋಣಿಯನ್ನು ತಳ್ಳುವ ಫ್ಯಾನು ಹಿಡಿದು ಅಲ್ಲಾಡಿಸಿದ. "ಅದು ಬೇರೆ. ಫ್ಯಾನಿನ ಹತ್ತಿರ ಶಾಫ್ಟು ಕೂರೋ ಬುಷ್ಷು ಪೂರಾ ಸವೆದದೆ. ತಿಂಗಳ ಹಿಂದೇನೇ ಬದಲಾಯಿಸಬೇಕಿತ್ತು."

ಧರ್ಮಪ್ಪ ಪಂಚನಾಮೆಗೆ ಸಹಿ ಹಾಕಿಸಿಕೊಂಡ. ಎಂಜಿನ್ ಪೆಟ್ಟಿಗೆಗೆ ಇದ್ದದ್ದು ಒಂದೇ ಬೀಗದಕೈ, ಅದು ಜಯಪ್ಪನ ಹತ್ತಿರವಿತ್ತು. ಕೇಳಿದ ಕೂಡಲೇ ಅವನು ತನ್ನ ಸಾಮಾನಿನ ಚೀಲದಿಂದ ತಗಡು ತೆಗೆದುಕೊಟ್ಟ. ಅಳತೆ ಸರಿಹೋಯಿತು.

"ಯಾವಾಗ ತೆಗೆದೆ?"

"ಬುಧವಾರ ಸಂಜೆ ಸಾರ್."

"ಯಾಕೆ?"

"ಧಣೀರಿಗೆ ಕೇಳಿಸ್ಲಿ ಅಂತ. ಬುಷ್ಷು ಹೋಗೈತಿ ಅಂತ ದಸರೆಯಿಂದ ಹೇಳ್ತಿದ್ದೆ. ದಿನಾ ಜನದ ಮುಂದೆ ನಿಲ್ಲಿಸಿ, ಸದ್ದು ಹೆಂಗೆ ಬರ್ತತಿ, ಬಾಯಾಗೆ ಮಾಡಿ ತೋರ್ಸೋ ಅನ್ನೋರು. ಮಾಡಿದ್ರೆ ಇನ್ನೊಂದ್ಸಲ ಅನ್ನೋರು. ಎಲ್ರೂ ನಗೋರು. ಪ್ರತಿ ಗುರುವಾರ ಅವರೇ ಈ ದೋಣ್ಯಾಗೆ ಆಚೆ ದಡದ ಗಿರಣಿಗೆ ಹೋಗ್ತಾರೆ. ಅವತ್ತು ಬರ್ಲಿಲ್ಲ."

"ಬರದಿದ್ದಾಗ ತಗಡು ವಾಪಸ್ ಹಾಕ್ಬೇಕಿತ್ತಲ್ಲ?"

"ಕಡೇ ಟ್ರಿಪ್ಪಿಗೆ ಬರ್ತಾರೇನೋ ಅಂತ ಕಾದೆ. ನೀರು ಬರ್ತತಿ ಅಂತ ಗೊತ್ತಾಗ್ಲಿಲ್ಲ."

"ಮಾಸ್ತಮ್ಮನೂ ನಗ್ತಿದ್ಲಾ?"

"ನಗೋರು ಸಾರ್. ನಕ್ಕಿದ್ದಕ್ಕೆ ಸಾಯಬೇಕಿತ್ತಾ?"

ಸಂಜೆ ನಾಲ್ಕು ಹತ್ತಕ್ಕೆ ಜಯಪ್ಪನ ದಸ್ತಗಿರಿಯಾಯಿತು.

ಸುದ್ದಿ ತಿಳಿದು ಗುರುಮಲ್ಲಪ್ಪ ನಗುತ್ತಾ ಠಾಣೆಗೆ ಬಂದ. "ನಾನು ಹೇಳಿರ್ಲಿಲ್ವಾ? ಅಂಥೋರ ಬುದ್ಧಿನೇ ಅಷ್ಟು."

"ನಿಂತ್ಕೊಂಡೇ ಕೇಳ್ರಿ," ಎಂದ ಧರ್ಮಪ್ಪ, ತಲೆಯೆತ್ತದೆ. "ಕೆಟ್ಟಿದೆ ಅಂತ ಗೊತ್ತಿದ್ದೂ ಆ ದೋಣೀಲಿ ಜನರನ್ನ ಸಾಗಿಸಿದ್ದಕ್ಕೆ ನೀವು ಎರಡನೇ ಆರೋಪಿ. ಮಾರಪ್ಪ, ಇವರ ಹೆಸರು, ವಯಸ್ಸು ಬರ್ಕೊಳಯ್ಯ."

ನಗು ಅರ್ಧಕ್ಕೇ ನಿಂತಿತು. ಧರ್ಮಪ್ಪನಿಗೆ ಅದನ್ನು ನೋಡುವ ಮನಸ್ಸೂ ಆಗಲಿಲ್ಲ.

ಕೇಸ್ ಡೈರಿಯಲ್ಲಿ ಕೃತ್ಯದ ಕಾರಣವೆಂದು ಮೊದಲು 'ದ್ವೇಷ' ಎಂದು ಬರೆದ. ಅದನ್ನು ಹೊಡೆದುಹಾಕಿ ಹೀಗೆ ಬರೆದ: 'ಆರೋಪಿ ಜಯಪ್ಪ ಹೇಳಿದ್ದು ನಿಜವಾಗಿತ್ತು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.'