ನಾಬಿಸಿಯ ಕೈಪಂಪುಗಳು

ಜನವರಿ ಹದಿನಾಲ್ಕರ ಬೆಳಿಗ್ಗೆ ಠಾಣೆಗೆ ಬಂದ ದೂರು ಚಿಕ್ಕದಾಗಿತ್ತು: ನಾಬಿಸಿ ಊರಿನ ಕೆಳಗಿನ ಕೇರಿಯ ಕೈಪಂಪಿನ ಹ್ಯಾಂಡಲ್ ಕಳುವಾಗಿದೆ. ದೂರು ತಂದವರು ಊರ ಮುಖ್ಯಸ್ಥರ ತಮ್ಮ ಅಕೊಲ್ಗೊ. ಆ ವಾರದಲ್ಲಿ ಅದೇ ಊರಿಂದ ಬಂದ ಮೂರನೆಯ ಹ್ಯಾಂಡಲ್ ಕಳುವಿನ ದೂರು ಅದು. ಇನ್‌ಸ್ಪೆಕ್ಟರ್ ನ್ಯಾಬಾ ಎಫ್‌ಐಆರ್ ಬರೆದು ಮುಗಿಸುವುದರೊಳಗೆ ಫೋನ್ ಬಂತು. ಊರವರು ಗುಜರಿ ವ್ಯಾಪಾರಿ ಇಸ್ಸಾಕಾನೇ ಕಳ್ಳನೆಂದು ಕಟ್ಟಿಹಾಕಿ ಹೊಡೆಯುತ್ತಿದ್ದರು.

ಜೀಪು ತಲುಪುವಷ್ಟರಲ್ಲಿ ಇಸ್ಸಾಕಾ ಬೇವಿನ ಮರದ ಬುಡದಲ್ಲಿ ಬಿದ್ದಿದ್ದ. ಉಸಿರಿತ್ತು, ಮಾತಿರಲಿಲ್ಲ. ನ್ಯಾಬಾ ಅವನನ್ನು ಬೊಲ್ಗಾ ಪಟ್ಟಣದ ಆಸ್ಪತ್ರೆಗೆ ಸಾಗಿಸಿ, ಅವನ ಗುಜರಿ ಅಂಗಳವನ್ನು ಜಾಲಾಡಿಸಿದರು. ಮುರಿದ ಸೈಕಲ್ಲು, ತಗಡು, ತೂತು ಬಿದ್ದ ಪಾತ್ರೆ. ಹ್ಯಾಂಡಲ್ ಒಂದೂ ಇಲ್ಲ.

"ಕಳ್ಳ ಇವತ್ತೇ ಸಿಗಬೇಕು ಅತಿಂಗಾ," ಎಂದರು ಕಾರ್ಪೊರಲ್‌ಗೆ. "ಇಲ್ಲದಿದ್ರೆ ನಾಳೆ ಇನ್ನೊಬ್ಬನ್ನ ಕಟ್ಟಿಹಾಕ್ತಾರೆ."

ಕೆಳಗಿನ ಕೇರಿಯಲ್ಲಿ ಪಂಚರ ಮುಂದೆ ಮಹಜರು ನಡೆಯಿತು. ಬೋಲ್ಟುಗಳನ್ನು ಕತ್ತರಿಸಿರಲಿಲ್ಲ, ಸರಿಯಾದ ಸ್ಪ್ಯಾನರ್ ಹಾಕಿ ಬಿಚ್ಚಲಾಗಿತ್ತು. ಕೊಳವೆಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ದಾರ ಬಿಗಿದಿತ್ತು.

"ಧೂಳು ಬೀಳಬಾರದು ಅಂತ ಮುಚ್ಚಿ ಹೋಗಿದಾನೆ ಸಾರ್," ಎಂದ ಅತಿಂಗಾ. "ಎಂಥ ಮರ್ಯಾದಸ್ಥ ಕಳ್ಳ! ನಮ್ಮನೆಗೂ ಬರಲಿ, ಅಡುಗೆಮನೆ ಪಾತ್ರೆನೆಲ್ಲ ಮುಚ್ಚಿಟ್ಟು ಹೋಗ್ತಾನೆ."

ನ್ಯಾಬಾ ಸಂತೆ ಮೈದಾನದತ್ತ ನಡೆದರು. ಅಲ್ಲಿನ ಪಂಪು ಹೊಸದು, ರಸ್ತೆಗೆ ಹತ್ತಿರ. ಅದನ್ನು ಯಾರೂ ಮುಟ್ಟಿರಲಿಲ್ಲ. ಈಗ ಊರಿಗೆ ಊರೇ ಅಲ್ಲಿ ಸಾಲುಗಟ್ಟಿತ್ತು.

"ನಿಮ್ಮ ಕೇರಿ ಪಂಪಿಗೆ ಹೋಗ್ರೇ!"

"ಹ್ಯಾಂಡಲ್ ಇದ್ದಿದ್ರೆ ಹೋಗ್ತಿದ್ವಿ. ನಿನ್ನ ಮುಖ ನೋಡೋಕೆ ಬಂದಿದೀವಾ?"

ಜಗಳ ನೋಡಿ ಮಕ್ಕಳು ಕಿಲಕಿಲ ನಕ್ಕವು. ನ್ಯಾಬಾರ ಕಣ್ಣು ಅಲ್ಲೇ ನಿಂತಿತು. ಸಂತೆ ಕಡೆಯ ಮಕ್ಕಳ ಹಲ್ಲು ಬೆಳ್ಳಗಿದ್ದವು. ಪಂಪು ಕಳೆದುಕೊಂಡ ಕೇರಿಗಳ ಮಕ್ಕಳ ಹಲ್ಲಿಗೆ ತುಕ್ಕು ಹಿಡಿದಂತೆ ಕಂದು ಕಲೆ.

"ಈ ಮಕ್ಕಳ ಹಲ್ಲು ಯಾಕಮ್ಮ ಹೀಗೆ?" ಎಂದು ಸಾಲಿನಲ್ಲಿದ್ದ ಲಾಮಿಸಿ ಎಂಬ ಹೆಂಗಸನ್ನು ಕೇಳಿದರು.

"ಅದನ್ನ ಕಂಡುಹಿಡಿಯೋಕೇ ಆ ಯೂನಿವರ್ಸಿಟಿಯವರು ನಮ್ಮನೇಲಿ ಬಿಡಾರ ಮಾಡಿರೋದು. ಹಲ್ಲಿನ ಡಾಕ್ಟ್ರು, ಮೂಳೆ ಡಾಕ್ಟ್ರು, ನೀರಿನ ಮೇಡಂ, ಎಲ್ಲರಿಗೂ ಯಜಮಾನರು ಒಬ್ಬ ಪ್ರೊಫೆಸರು. ಕುಡಿಯೋಕೆ ನೀರು ಕೊಟ್ರೆ ಮಿಕ್ಕವರು ಬೇಡ ಅಂತಾರೆ, ಬಾಟಲಿ ತಂದಿರ್ತಾರೆ. ಆ ನೀರಿನ ಮೇಡಂ ಮಾತ್ರ ಇಸ್ಕೊಂಡು ಗೋಡೆ ಬುಡಕ್ಕೆ ಚೆಲ್ತಾರೆ. ನಾನು ನೋಡಿಲ್ಲ ಅನ್ಕೊಂಡಿದಾರೆ, ಪಾಪ."

ಮಧ್ಯಾಹ್ನ ಮೂರಕ್ಕೆ ನ್ಯಾಬಾ ಲಾಮಿಸಿಯ ಮನೆಯ ಅಂಗಳದಲ್ಲಿ ಪ್ರೊಫೆಸರ್ ಒಫೊಸು ಅವರ ಎದುರು ಕೂತಿದ್ದರು.

"ಆ ಪಂಪುಗಳ ನೀರಲ್ಲಿ ಏನಿದೆ?"

"ಫ್ಲೋರೈಡ್. ಮೊದಲು ಹಲ್ಲು ಕೆಡಿಸುತ್ತೆ, ಆಮೇಲೆ ಮೂಳೆ."

"ಯಾವಾಗಿಂದ ಗೊತ್ತು?"

"ಹೋದ ಮಳೆಗಾಲದಿಂದ."

"ಊರವರಿಗೆ ಹೇಳಿದ್ರಾ?"

ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿದರು. "ಇದು ಒಬ್ಬರ ಕೆಲಸ ಅಲ್ಲ ಇನ್‌ಸ್ಪೆಕ್ಟರ್. ಹಲ್ಲಿನವರದು ಮುಗಿದಿದೆ, ಮೂಳೆಯವರದು ಮುಗಿದಿಲ್ಲ. ಅಷ್ಟರಲ್ಲಿ ಜನ ಬೇರೆ ನೀರು ಕುಡಿಯೋಕೆ ಶುರು ಮಾಡಿದ್ರೆ ಇಡೀ ಅಧ್ಯಯನ ಕೆಡುತ್ತೆ. ಎಲ್ಲರ ಫಲಿತಾಂಶ ಒಟ್ಟು ಸೇರಿದ ಮೇಲೆ ಹೇಳೋಣ ಅಂತ ತೀರ್ಮಾನ ಆಗಿತ್ತು."

ನೀರಿನ ಮೇಡಂ, ದಕ್ಷಿಣದ ಕರಾವಳಿಯ ಕೇಪ್ ಕೋಸ್ಟ್ ಕಡೆಯ ಡಾಕ್ಟರ್ ಅರಾಬಾ ಕ್ವಾನ್ಸಾ, ಅಂಗಳದ ಮೇಜಿನ ತುದಿಯಲ್ಲಿ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದರು. ನ್ಯಾಬಾ ಅವರತ್ತ ತಿರುಗಿದರು.

"ಇಸ್ಸಾಕಾ ಅಂತ ಒಬ್ಬ ಗುಜರಿಯವನು ಬೊಲ್ಗಾದಲ್ಲಿ ಪ್ರಜ್ಞೆ ಇಲ್ಲದೆ ಮಲಗಿದಾನೆ ಮೇಡಂ. ಹ್ಯಾಂಡಲ್ ಕದ್ದ ಅಂತ ಜನ ಹೊಡೆದ್ರು."

ಅರಾಬಾ ಕೈಯಲ್ಲಿದ್ದ ಸೀಸೆಯನ್ನು ಕೆಳಗಿಟ್ಟರು.

"ಯಾವಾಗ?"

"ಇವತ್ತು ಬೆಳಿಗ್ಗೆ."

"ಅವನಲ್ಲ." ಅವರು ಎದ್ದು, ಬಂಡೆಯ ಮಾದರಿಗಳನ್ನಿಡುವ ಉದ್ದನೆಯ ಮರದ ಪೆಟ್ಟಿಗೆಯ ಬೀಗ ತೆಗೆದರು. ಬಟ್ಟೆ ಸುತ್ತಿದ ಮೂರು ಹ್ಯಾಂಡಲ್, ಒಂದು ಸ್ಪ್ಯಾನರ್.

"ಅರಾಬಾ, ಸುಮ್ನಿರು," ಎಂದರು ಪ್ರೊಫೆಸರ್. "ವಕೀಲರು ಬರೋವರೆಗೂ..."

"ಇನ್ನೂ ಎಷ್ಟು ಸುಮ್ನಿರ್ಲಿ ಸಾರ್?"

ಪಂಚರ ಸಮಕ್ಷಮ ಮಾಲು ಜಪ್ತಿಯಾಯಿತು. ನಾಲ್ಕೂವರೆಗೆ ಬಂಧನ. ಜೀಪಿನಲ್ಲಿ ಅರಾಬಾ ತಾವಾಗಿಯೇ ಮಾತು ಶುರು ಮಾಡಿದರು.

"ನೀರು ನನ್ನ ಭಾಗ. ಹಲ್ಲು ಒಬ್ಬರದು, ಮೂಳೆ ಇನ್ನೊಬ್ಬರದು. ಊರಿಗೆ ಹೇಳೋದು ಯಾರ ಭಾಗಕ್ಕೂ ಬರಲಿಲ್ಲ. ಲಾಮಿಸಿ ಅಕ್ಕ ದಿನಾ ಸೋರೆಬುರುಡೆ ತುಂಬ ನೀರು ತಂದುಕೊಡೋರು. ಬೇಡ ಅನ್ನೋಕೆ ಬಾಯಿ ಬರ್ತಿರಲಿಲ್ಲ, ಅವರು ಆಚೆ ಹೋದಾಗ ಚೆಲ್ತಿದ್ದೆ. ಅದೇ ಕೊಡದ ನೀರನ್ನ ಮೊಮ್ಮಗಳಿಗೆ ಕುಡಿಸ್ತಿದ್ರು. ನಾನು ನೋಡ್ತಾ ಕೂತಿರ್ತಿದ್ದೆ."

"ಬಾಯಿಬಿಟ್ಟು ಹೇಳಬಹುದಿತ್ತಲ್ಲ ಮೇಡಂ. ಒಬ್ಬನ ಜೀವಕ್ಕೆ ಬಂತು."

"ಹೇಳಿದ್ರೆ ತಂಡದಿಂದ ಹೊರಗೆ ಹಾಕ್ತಿದ್ರು. ಹ್ಯಾಂಡಲ್ ಬಿಚ್ಚೋದು ಸುಲಭ ಅನ್ನಿಸ್ತು." ಅವರು ಮುಖ ಮುಚ್ಚಿಕೊಂಡರು. "ಅವನು ಬದುಕ್ತಾನಾ?"

ನ್ಯಾಬಾ ಆಸ್ಪತ್ರೆಗೆ ಫೋನ್ ಹಚ್ಚಿದರು.

ಸಂಜೆ ಆಸ್ಪತ್ರೆಯಿಂದ ಸುದ್ದಿ ಬಂತು: ಇಸ್ಸಾಕಾ ಕಣ್ಣು ಬಿಟ್ಟಿದ್ದಾನೆ, ಎಡಗಿವಿ ಕೇಳಿಸುತ್ತಿಲ್ಲ. ಹೊಡೆದವರ ಮೇಲೆ ಬೇರೆ ಪ್ರಕರಣ ದಾಖಲಾಯಿತು. ಆ ಹೊತ್ತಿಗೆ ಅಕೊಲ್ಗೊ ಕತ್ತೆ ಗಾಡಿ ಹೊಡೆದುಕೊಂಡು ಠಾಣೆಗೆ ಬಂದರು.

"ಕಳ್ಳಿ ಸಿಕ್ಕಳಂತಲ್ಲ ಸಾರ್! ಹ್ಯಾಂಡಲ್ ಕೊಡಿ, ಕತ್ತಲಾಗೋದ್ರೊಳಗೆ ಹಾಕ್ಬಿಡ್ತೀವಿ."

ನ್ಯಾಬಾ ಮೇಜಿನ ಮೇಲಿದ್ದ ಮೂರು ಹ್ಯಾಂಡಲ್‌ಗಳನ್ನು ನೋಡಿದರು. ಒಂದೊಂದಕ್ಕೂ ಚೀಟಿ ಕಟ್ಟಿ, ಅರಗು ಕರಗಿಸಿ, ತಾವೇ ಮುದ್ರೆ ಒತ್ತಿದರು.

"ಇವು ಜಪ್ತಿ ಮಾಲು. ಕೋರ್ಟು ಹೇಳೋವರೆಗೂ ಕೊಡೋ ಹಾಗಿಲ್ಲ."

"ಅಲ್ಲೀವರೆಗೆ ನಮ್ಮ ಕೇರಿ ಏನು ಕುಡೀಬೇಕು?"

"ಸಂತೆ ಪಂಪಿನ ನೀರು." ನ್ಯಾಬಾ ಎದುರಿನ ಕುರ್ಚಿ ಎಳೆದು ಕೊಟ್ಟರು. "ಕೂತ್ಕೊಳ್ಳಿ ಅಕೊಲ್ಗೊ. ಯಾಕೆ ಅಂತ ಹೇಳ್ತೀನಿ."