ಮೂವತ್ತೆರಡು ಹಲ್ಲಿನ ಬಳೆ

“ನನ್ನ ಕಣ್ಣೇ ನನಗೆ ಸುಳ್ಳು ಹೇಳ್ತಾ?”

ಠಾಣೆಯ ಬೆಂಚಿನ ಮೇಲೆ ಕುಳಿತ ಹೆಂಗಸು ಅದನ್ನು ಯಾರನ್ನೂ ಕೇಳಲಿಲ್ಲ. ಎದುರಿನ ಗೋಡೆಯನ್ನು ಕೇಳಿದಂತಿತ್ತು. ಎಡಗೈಗೆ ಪ್ಲಾಸ್ಟರ್, ಐದು ತಿಂಗಳ ಬಸುರಿ. ನಾಲ್ಕನೇ ತಾರೀಖು ಬೆಳಿಗ್ಗೆ 9.20ಕ್ಕೆ ನೀರಿನ ಟ್ಯಾಂಕಿನ ತಿರುವಿನಲ್ಲಿ ಬೈಕು ಜಾರಿ ಅವಳ ಗಂಡ ತೀರಿಕೊಂಡಿದ್ದ. ಎಫ್‌ಐಆರ್‌ನಲ್ಲಿ ‘ಸವಾರನ ಅತಿವೇಗ, ಅಜಾಗರೂಕತೆ’ ಎಂದಿತ್ತು. ಅವಳ ದೂರು ಆ ಸಾಲಿನ ಮೇಲೆಯೇ.

“ರಸ್ತೆ ಕ್ಯಾಮೆರಾದಲ್ಲಿ ವೇಗ ಅರವತ್ತು ಅಂತಿದೆಯಮ್ಮ,” ಎಂದರು ಇನ್ಸ್‌ಪೆಕ್ಟರ್.

“ಹಿಂದೆ ಕೂತಿದ್ದೆ ಸಾರ್. ಹೆಗಲ ಮೇಲಿಂದ ನೋಡ್ತಾನೇ ಇದ್ದೆ. ಮೀಟರಲ್ಲಿ ನಲವತ್ತು. ಬಸುರಿ ಅಂತ ಗೊತ್ತಾದಾಗಿಂದ ಅವರು ನಲವತ್ತು ದಾಟಿಲ್ಲ. ನಾಳೆ ಮಗು ಕೇಳಿದ್ರೆ, ನಿಮ್ಮಪ್ಪ ಮೈಮರೆತು ಸತ್ತ ಅಂತ ಈ ಕಾಗದ ತೋರಿಸ್ಲಾ?”

ಅವಳು ಹೋದ ಮೇಲೆ ಕಾನ್‌ಸ್ಟೇಬಲ್ ಗೊಣಗಿದ: “ಮೀಟರ್ ಸುಳ್ಳು ಹೇಳುತ್ತೆ ಅನ್ನೋದು ಟ್ಯಾಕ್ಸಿ ಹತ್ತಿದವರಿಗೆಲ್ಲ ಗೊತ್ತು ಸಾರ್.”

ತಮಾಷೆಗೆ ಆಡಿದ ಮಾತು ಇನ್ಸ್‌ಪೆಕ್ಟರ್ ತಲೆಯನ್ನು ಕೊರೆಯತೊಡಗಿತು. ಮರುದಿನ ಹನ್ನೊಂದಕ್ಕೆ, ಇಬ್ಬರು ಪಂಚರ ಎದುರು, ಬೈಕಿನ ಮುಂದಿನ ಚಕ್ರ ಬಿಚ್ಚಿಸಿದರು.

“ಚಕ್ರದ ಜೊತೆ ಈ ಹಲ್ಲಿನ ಬಳೆ ತಿರುಗುತ್ತೆ,” ಎಂದ ವಾಹನ ತಜ್ಞ. “ಒಂದೊಂದು ಹಲ್ಲು ದಾಟಿದಾಗಲೂ ಪಕ್ಕದ ಸೆನ್ಸರ್ ಒಂದು ಮಿಡಿತ ಕಳಿಸುತ್ತೆ. ಸುತ್ತಿಗೆ ನಲವತ್ತೆಂಟು ಮಿಡಿತ ಅನ್ನೋ ಲೆಕ್ಕದ ಮೇಲೆ ಮೀಟರ್ ವೇಗ ತೋರಿಸುತ್ತೆ.”

ಕಾನ್‌ಸ್ಟೇಬಲ್ ಎಣಿಸಿದ. “ಮೂವತ್ತೆರಡೇ ಇದೆ ಸಾರ್, ಮನುಷ್ಯರ ಬಾಯಲ್ಲಿದ್ದ ಹಾಗೆ.”

“ಹಾಗಾದ್ರೆ ಅರವತ್ತರಲ್ಲಿ ಹೋದ್ರೂ ನಲವತ್ತೇ ತೋರಿಸುತ್ತೆ,” ಎಂದ ತಜ್ಞ.

ಪಂಚನಾಮೆಗೆ ಒಂದು ಸಾಲು ಸೇರಿತು: ಬಳೆಯ ಹಲ್ಲುಗಳು ಕೈಯಿಂದ ಅರ ಹಾಕಿ ಮಾಡಿದವು.

ಆ ಪೇಟೆಯಲ್ಲಿ ಇನ್ನೂ ಕೈಯಲ್ಲಿ ಅರ ಹಾಕುತ್ತಿದ್ದ ಮೆಕ್ಯಾನಿಕ್ ಒಬ್ಬನೇ. ಸತ್ತವನ ಅಪ್ಪ. ಅವನನ್ನು ಠಾಣೆಗೆ ಕರೆಸಿದರು.

“ಬಳೆ ಹಾಕಿದ್ದು ನೀವಾ?”

“ನಾನೇ. ಮೂರನೇ ತಾರೀಖು ಸಂಜೆ.”

“ಮಗನಿಗೆ ಗೊತ್ತಿತ್ತಾ?”

“ಇಲ್ಲ. ಬಸುರಿ ಹೆಂಗಸನ್ನ ಕೂರಿಸ್ಕೊಂಡು ಹೋಗೋನಿಗೆ ನಲವತ್ತೂ ಜಾಸ್ತಿನೇ ಸಾರ್. ಅಪ್ಪನ ಮಾತು ಕೇಳಲ್ಲ, ಮೀಟರ್ ಮಾತು ಕೇಳ್ತಾನೆ. ಅದೇ ಜಾಸ್ತಿ ತೋರಿಸಿದ್ರೆ ನಿಧಾನ ಹೋಗ್ತಾನೆ ಅಂದ್ಕೊಂಡೆ. ಹಲ್ಲು ಕಮ್ಮಿ ಮಾಡಿದ್ರೆ ಕೇಬಲ್ ಜೋರಾಗಿ ತಿರುಗುತ್ತೆ, ಮುಳ್ಳು ಮೇಲೇರುತ್ತೆ. ಮೂವತ್ತೈದು ವರ್ಷದಿಂದ ಮಾಡಿದ ಕೆಲಸ.”

“ಓಡಿಸಿ ನೋಡಲಿಲ್ವಾ?”

“ಮಂಡಿ ನೋವು.”

“ಹಳೇ ಬೈಕಿನ ಹಾಗೆ ಇದರಲ್ಲಿ ಕೇಬಲ್ ಇಲ್ಲ ಯಜಮಾನರೇ,” ಇನ್ಸ್‌ಪೆಕ್ಟರ್ ಮೆಲ್ಲಗೆ ಹೇಳಿದರು. “ಇದು ಹಲ್ಲು ಎಣಿಸುತ್ತೆ. ಹಲ್ಲು ಕಮ್ಮಿ ಆದ್ರೆ ವೇಗವೂ ಕಮ್ಮಿ ಕಾಣುತ್ತೆ.”

ಮುದುಕ ಬೆರಳು ಮಡಿಸುತ್ತಾ ಲೆಕ್ಕ ಹಾಕಿದ. ಎರಡು ಸಲ ಹಾಕಿದ. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಮೂರನೆಯ ಸಲ ಬೆರಳು ಮಡಿಸಲು ಬರಲಿಲ್ಲ. ಸಂಜೆ 4.10ಕ್ಕೆ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಆರೋಪದ ಮೇಲೆ ಅವನನ್ನು ದಸ್ತಗಿರಿ ಮಾಡಲಾಯಿತು.

ಹೇಳಿಕೆ ಬರೆಯುವ ಹೊತ್ತಿಗೆ ಸೊಸೆ ಏದುಸಿರು ಬಿಡುತ್ತಾ ಬಂದಳು.

“ದೂರು ಹಿಂದಕ್ಕೆ ತಗೋತೀನಿ ಸಾರ್. ಮೊದಲು ಬರೆದಿದ್ದೇ ಇರಲಿ. ಮಾವ, ಆ ಬಳೆ ನಂದಲ್ಲ ಅಂದ್ಬಿಡಿ. ಮಗುಗೆ ತಾತನಾದ್ರೂ ಬೇಕಲ್ಲ.”

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟು ಕಿಟಕಿಯ ಕಡೆ ತಿರುಗಿದರು. ಇಂಥ ಹೊತ್ತಿನಲ್ಲಿ ಕಿವುಡಾಗುವುದೂ ಒಂದು ದಯೆ ಎಂದು ಅವರಿಗೆ ಗೊತ್ತಿತ್ತು.

ಮುದುಕ ಆ ಪೆನ್ನನ್ನು ತಾನೇ ಎತ್ತಿಕೊಂಡ.

“ನನ್ನ ಮಗ ಮೈಮರೆತು ಓಡಿಸ್ಲಿಲ್ಲ,” ಎಂದ. “ಬಳೆ ನಂದಲ್ಲ ಅಂತ ಅನ್ನಲ್ಲ, ತಾಯಿ.”